ಆಚಾರ್ರು ಮೊದಲು ನೋಡಿದ್ದು ಬ್ಲೇಡು

ನಮ್ಮೂರು ಸಕಲೇಶಪುರದ ಹತ್ತಿರ. ಈಗ ಇರೋದು ಕೆನಡಾದ ಒಟ್ಟಾವಾದಲ್ಲಿ. ಮರಗೆಲಸದ ಹುಚ್ಚು ಹತ್ತಿದ್ದು ಇಲ್ಲಿಗೆ ಬಂದ ಮೇಲೆ. ಆರು ತಿಂಗಳು ಹಿಮ ಬೀಳೋ ಊರಲ್ಲಿ ಮನುಷ್ಯ ಇನ್ನೇನು ಮಾಡಬೇಕು?

ಇಲ್ಲಿ ಹತ್ತರಿ, ಅಂದರೆ ಮರ ಹೆರೆದು ನುಣುಪು ಮಾಡೋ ಉಪಕರಣ, ಕೊಳ್ಳೋದು ಅಂದರೆ ಮದುವೆಗೆ ಹೆಣ್ಣು ನೋಡಿದ ಹಾಗೆ. ಅಳತೆಗೊಂದು ನಂಬರ್. ನಂಬರ್ 4ರದ್ದು ಸುಮಾರು 9 ಇಂಚು ಉದ್ದ, ಕೊನೆಗೆ ನುಣುಪು ಮಾಡೋಕೆ. 5ರದ್ದು 14 ಇಂಚು, ಒರಟು ಕೆಲಸಕ್ಕೂ ಆಗುತ್ತೆ. 7ರದ್ದು 22 ಇಂಚು, ಹಲಗೆಯ ಅಂಚು ನೆಟ್ಟಗೆ ಮಾಡೋಕೆ. 1869ರಲ್ಲಿ ಅಮೆರಿಕದ ಲಿಯೊನಾರ್ಡ್ ಬೈಲಿಯ ಹತ್ತರಿ ಪೇಟೆಂಟುಗಳನ್ನು ಅಲ್ಲಿನ ಸ್ಟ್ಯಾನ್ಲಿ ಕಂಪನಿ ಕೊಂಡುಕೊಂಡಿತು. ಆಮೇಲೆ ಬಂದ ಈ ನಂಬರಿನ ಲೆಕ್ಕ ಇವತ್ತಿಗೂ ನಡೆಯುತ್ತಿದೆ.

ನಾನು ಮೊದಲು ಕೊಂಡದ್ದು ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ಕ ನಂಬರ್ 4. ನೋಡೋಕೆ ಮಿರಮಿರ ಮಿಂಚುತ್ತಿತ್ತು. ತಳಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದರೆ ಬಾಯಿಯ ಹತ್ತಿರವೇ ಸಂದು. ಬ್ಲೇಡು ಮರ ಮುಟ್ಟುವ ಜಾಗವೇ ಹಳ್ಳ ಬಿದ್ದಿದ್ದರೆ ಕೆಲಸ ಹೇಗೆ ಆಗುತ್ತೆ? ಉಪ್ಪುಕಾಗದದ ಮೇಲೆ ಎರಡು ಭಾನುವಾರ ತಿಕ್ಕಿ, ಕೊನೆಗೆ ಬಾಗಿಲು ಮುಚ್ಚದ ಹಾಗೆ ಅಡ್ಡ ಇಡೋಕೆ ಇಟ್ಟುಕೊಂಡೆ. ಆಮೇಲೆ ಇಲ್ಲಿಯದೇ ವೆರಿಟಾಸ್ ಅನ್ನೋ ಬ್ರ್ಯಾಂಡಿನ ಹತ್ತರಿ ಕೊಂಡೆ. ಬೆಲೆ ಹೆಂಡತಿಗೆ ಇನ್ನೂ ಹೇಳಿಲ್ಲ.

ಹೋದ ಸಲ ಊರಿಗೆ ಹೋಗುವಾಗ ಅದನ್ನು ಬಟ್ಟೆಯಲ್ಲಿ ಸುತ್ತಿ ಒಯ್ದೆ. ಸ್ವಲ್ಪ ಜಂಬವೂ ಇತ್ತು ಅನ್ನಿ. ನಮ್ಮ ಮನೆಯ ಬಾಗಿಲು, ಕಿಟಕಿ ಎಲ್ಲ ಮಾಡಿದ ಆಚಾರ್ರ ಕೈಗೆ ಕೊಟ್ಟೆ. ಹಿತ್ತಾಳೆ ತಿರುಪು, ಹಿಡಿ ಯಾವುದನ್ನೂ ಅವರು ನೋಡಲಿಲ್ಲ. ಬ್ಲೇಡು ಬಿಚ್ಚಿ, ಹೆಬ್ಬೆರಳಲ್ಲಿ ದಪ್ಪ ಸವರಿ ನೋಡಿದರು. ಮೊಣಕೈ ಹತ್ತಿರದ ಕೂದಲಿಗೆ ಹಿಡಿದರು. ಬೋಳಾಯಿತು. “ಹ್ಞೂಂ, ಕಬ್ಬಿಣ ಚೆನ್ನಾಗಿದೆ ಕಣಪ್ಪ” ಅಂದರು.

ಆದರೆ ಹಲಸಿನ ಹಲಗೆ ಮೇಲೆ ನಾನು ಹೊಡೆದಾಗ ಮಾನ ಹೋಯಿತು. ಹಲಸಿನ ಎಳೆ ಒಂದು ಕಡೆ ಇರೋದಿಲ್ಲ. ಇತ್ತಲಿಂದ ಹೊಡೆದರೆ ಅತ್ತ ಕಿತ್ತುಕೊಳ್ಳುತ್ತೆ. ತೋಟದ ಸಿಲ್ವರ್ ಓಕ್ ಕೂಡ ಅಷ್ಟೇ, ಆ ಮಿಂಚುವ ಚುಕ್ಕೆಗಳೇ ಎದ್ದು ಬರುತ್ತವೆ. ಆಚಾರ್ರು ಬ್ಲೇಡಿನ ಬೆನ್ನಿಗೆ ಕೂರುವ ಎರಡನೇ ಪಟ್ಟಿಯನ್ನು ಅಂಚಿನ ತುದಿಗೇ ತಳ್ಳಿದರು. ಅರ್ಧ ಮಿಲಿಮೀಟರೂ ಬಿಟ್ಟಿರಲಿಲ್ಲ. ತಳಕ್ಕೆ ಮೇಣದ ಬತ್ತಿ ಉಜ್ಜಿದರು. ಈಗ ಈರುಳ್ಳಿ ಸಿಪ್ಪೆಯಂಥ ಸುರುಳಿ ಬಂತು. ಎಳೆ ಒಂದೂ ಏಳಲಿಲ್ಲ. ಆ ಪಟ್ಟಿ ಇರೋದೇ ಇದಕ್ಕೆ. ಎದ್ದ ಸಿಪ್ಪೆಯನ್ನು ಅಲ್ಲೇ ಮಡಚಿ ಮುರಿಯುತ್ತೆ, ಸೀಳು ಮುಂದಕ್ಕೆ ಓಡೋಕೆ ಬಿಡಲ್ಲ. ನಾನು ಅದನ್ನು ಎರಡು ವರ್ಷದಿಂದ ಸುಮ್ನೆ ಅಲಂಕಾರಕ್ಕೆ ಇಟ್ಟುಕೊಂಡಿದ್ದೆ.

ಅವರದು ಮರದ ಹತ್ತರಿ. ಒಡಲು ತಾವೇ ಕಡೆದದ್ದು, ಬ್ಲೇಡು ಅವರಪ್ಪನ ಕಾಲದ್ದು. ಒಡಲು ಸವೆದರೆ ಬೇರೆ ಮಾಡಿಕೊಳ್ಳುತ್ತಾರೆ. ಇಲ್ಲಿ ನಾವು ತಿರುಪಿಗೆ, ಎರಕಕ್ಕೆ ದುಡ್ಡು ಜಾಸ್ತಿ ಸುರಿಯುತ್ತೇವೆ. ಸಾಣೆಕಲ್ಲು ಕೊಳ್ಳೋದು ಕೊನೆಗೆ, ಅದೂ ಮನಸ್ಸಿಲ್ಲದ ಮನಸ್ಸಿಂದ. ನನ್ನ ಮಟ್ಟಿಗೆ ಇದು ತಲೆಕೆಳಗು. ತಳ ಮಟ್ಟಸ ಇರಬೇಕು, ಬ್ಲೇಡು ಅಲ್ಲಾಡದೆ ಕೂರಬೇಕು, ಅಷ್ಟು ನೋಡಿಕೊಂಡರೆ ಉಳಿದ ದುಡ್ಡು ಕಲ್ಲಿಗೇ ಹಾಕಬೇಕು. ಹಾಗಂತ ಮರದ ಹತ್ತರಿಯೇ ಮೇಲು ಅಂತಲ್ಲ. ಮಲೆನಾಡಿನ ಮಳೆಗಾಲದಲ್ಲಿ ಅದು ಊದಿಕೊಂಡು, ಬ್ಲೇಡು ಬಿಗಿ ಹಿಡಿಯುವ ಬೆಣೆ ಸಿಕ್ಕಿಹಾಕಿಕೊಂಡರೆ ಆಚಾರ್ರೇ ಬೈಯುತ್ತಾರೆ. ಕಬ್ಬಿಣದ್ದಕ್ಕೆ ಆ ಕಾಟ ಇಲ್ಲ, ತುಕ್ಕು ಮಾತ್ರ ಹಿಡಿಯುತ್ತೆ.

ಹೊರಡುವಾಗ, “ಇದನ್ನ ನೀವೇ ಇಟ್ಕೊಳ್ಳಿ ಆಚಾರ್ರೇ” ಅಂದೆ.

“ಇಷ್ಟು ಭಾರದ್ದು ನಂಗೆ ಬೇಡ. ಬರೋ ಸಲ ಬರೀ ಬ್ಲೇಡು ತಾ. ಮರ ನಾನು ಹಾಕ್ಕೋತೀನಿ.”

ಅವರ ಹಳೇ ಬ್ಲೇಡಿನ ಅಗಲ ಅಳೆದು ಫೋನಲ್ಲಿ ಬರೆದುಕೊಂಡು ಬಂದೆ. ಎರಡು ಇಂಚು.