ಶತ್ರುಗಳೇ ಇಲ್ಲದ ಪ್ರಾಣಿಯಲ್ಲ ಅದು

ನಿನ್ನೆ ತಮ್ಮನ ಮನೆಯಲ್ಲಿ ಅವನ ಮಗಳ ಹುಟ್ಟುಹಬ್ಬ. ಕೇಕಿನ ಮೇಲೆ ದಕ್ಷಿಣ ಅಮೆರಿಕದ ದೊಡ್ಡ ಇಲಿಜಾತಿಯ ಪ್ರಾಣಿ ಕ್ಯಾಪಿಬಾರ, ಹೊಸ ಬ್ಯಾಗಿನ ಮೇಲೆ ಕ್ಯಾಪಿಬಾರ, ಉಡುಗೊರೆಯ ಪೊಟ್ಟಣ ಬಿಚ್ಚಿದರೆ ಅದರೊಳಗೂ ತಲೆಯ ಮೇಲೆ ಕಿತ್ತಳೆ ಹಣ್ಣು ಹೊತ್ತ ಕ್ಯಾಪಿಬಾರ ಗೊಂಬೆ. ಮಗು ಅದನ್ನು ಅವಚಿಕೊಂಡು ನನ್ನ ಬಳಿ ಬಂದು, "ಅತ್ತೆ, ಇದಕ್ಕೆ ಪ್ರಪಂಚದಲ್ಲಿ ಒಬ್ಬ ಶತ್ರುವೂ ಇಲ್ಲವಂತೆ. ಮೊಸಳೆಯೂ ಇದರ ಫ್ರೆಂಡ್ ಅಂತೆ. ನಿಜವೇ?" ಎಂದು ಕೇಳಿತು. ನಾನು ಬಾಯಿ ತೆರೆಯುವ ಮೊದಲೇ ಸುತ್ತಲಿದ್ದ ದೊಡ್ಡವರೆಲ್ಲ "ಹೌದು ಪುಟ್ಟಾ" ಎಂದುಬಿಟ್ಟರು. ಊಟ ಮಾಡಿ, ಬಸ್ ಹತ್ತಿ ಮನೆಗೆ ಬಂದೆ. ಸಿಟ್ಟು ಇಳಿಯಲಿಲ್ಲ.

ನಾನು ಹೈಸ್ಕೂಲಿನಲ್ಲಿ ಎಷ್ಟು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು ಎಂದು ಇಲ್ಲಿರುವವರಿಗೆ ಗೊತ್ತಿದೆ. ನಿಮ್ಮಲ್ಲಿ ಕೆಲವರು ನನ್ನ ತರಗತಿಯಲ್ಲೇ ಕುಳಿತವರು. ಮೊಸಳೆಯ ಪಕ್ಕದಲ್ಲಿ ಕ್ಯಾಪಿಬಾರ ನೆಮ್ಮದಿಯಾಗಿರುವ ವಿಡಿಯೊಗಳನ್ನು ನನಗೆ ಕಳುಹಿಸುವವರೂ ನೀವೇ.

ಶತ್ರುಗಳಿಲ್ಲವೇ? ದಕ್ಷಿಣ ಅಮೆರಿಕದ ಜೌಗಿನಲ್ಲಿ ಅದನ್ನು ತಿನ್ನದವರು ಯಾರು ಎಂದು ಕೇಳಬೇಕು. ಜಾಗ್ವಾರ್ ತಿನ್ನುತ್ತದೆ, ಪೂಮಾ ತಿನ್ನುತ್ತದೆ, ಅನಕೊಂಡ ಸುತ್ತಿ ನುಂಗುತ್ತದೆ. ಮರಿಯಾದರೆ ಕೇಮನ್ ಮೊಸಳೆಯೂ ಬಿಡುವುದಿಲ್ಲ. ವಿಡಿಯೊದಲ್ಲಿ ದೊಡ್ಡ ಕ್ಯಾಪಿಬಾರದ ಪಕ್ಕದಲ್ಲಿ ಸುಮ್ಮನೆ ಬಿಸಿಲು ಕಾಯುತ್ತಿರುವುದು ಬಹುಪಾಲು ಮೀನು, ಬಸವನಹುಳು ತಿಂದು ಬದುಕುವ ಪಂಟನಾಲ್ ಎಂಬ ಜೌಗುಸೀಮೆಯ ಕೇಮನ್. ಐವತ್ತು ಅರವತ್ತು ಕಿಲೊ ತೂಗುವ ಪ್ರಾಣಿ ಅದರ ಬಾಯಿಗೆ ದೊಡ್ಡ ತುತ್ತು. ಗೆಳೆತನ ಎಂದು ನಾವು ಹೆಸರಿಟ್ಟಿರುವುದು ಇದಕ್ಕೆ.

ಅದರ ದೇಹವನ್ನೊಮ್ಮೆ ನೋಡಿ. ಕಣ್ಣು, ಕಿವಿ, ಮೂಗಿನ ಹೊಳ್ಳೆ ಮೂರೂ ತಲೆಯ ಮೇಲ್ಭಾಗದಲ್ಲಿವೆ. ಉಳಿದ ಮೈಯನ್ನೆಲ್ಲ ನೀರಿನಲ್ಲಿ ಮುಳುಗಿಸಿಕೊಂಡು ಇಷ್ಟನ್ನು ಮಾತ್ರ ಮೇಲೆ ಇಟ್ಟುಕೊಂಡು ಕಾವಲು ಕಾಯುತ್ತದೆ. ಬೆರಳುಗಳ ನಡುವೆ ಅರ್ಧ ಜಾಲಪೊರೆ. ಅಪಾಯ ಕಂಡರೆ ನಾಯಿ ಬೊಗಳಿದಂತೆ ಒಂದು ಕೂಗು, ಮರುಕ್ಷಣ ಇಡೀ ಗುಂಪು ನೀರಿನಲ್ಲಿ. ಐದು ನಿಮಿಷದವರೆಗೂ ಮುಳುಗಿರಬಲ್ಲದು. ಹತ್ತಿಪ್ಪತ್ತು ಪ್ರಾಣಿಗಳು ಒಟ್ಟಿಗಿರುವುದು, ಒಬ್ಬಳ ಮರಿಗೆ ಇನ್ನೊಬ್ಬಳು ಹಾಲೂಡಿಸುವುದು, ಹುಟ್ಟಿದ ವಾರದೊಳಗೇ ಮರಿ ಹುಲ್ಲು ಕಚ್ಚಲು ಕಲಿಯುವುದು, ಎಲ್ಲವೂ ಬೇಟೆಗೆ ಸಿಗುವ ಪ್ರಾಣಿಯ ಬದುಕು. ಆ ಭಯವನ್ನು ತೆಗೆದುಹಾಕಿದರೆ ಅದರ ಮುಖ ಯಾಕೆ ಹಾಗಿದೆ ಎಂಬುದೇ ಅರ್ಥವಾಗುವುದಿಲ್ಲ.

ತುಪಿ ಜನರ ಭಾಷೆಯಿಂದ ಬಂದ ಅದರ ಹೆಸರಿಗೆ ಸಪೂರ ಎಲೆ ತಿನ್ನುವುದು ಎಂದು ಅರ್ಥ. ಎಷ್ಟು ಸರಿಯಾದ ಹೆಸರು! ದಂಶಕಗಳಲ್ಲೆಲ್ಲ ದೊಡ್ಡದು, ನಮ್ಮ ಇಲಿ, ಅಳಿಲು, ಮುಳ್ಳುಹಂದಿಗಳ ಬಂಧು. ದಿನಕ್ಕೆ ಮೂರು ನಾಲ್ಕು ಕಿಲೊ ಹುಲ್ಲು ಮೇಯುತ್ತದೆ. ಹಲ್ಲು ಸವೆದಷ್ಟೂ ಬೆಳೆಯುತ್ತದೆ. ಹುಲ್ಲಿನಿಂದ ಒಮ್ಮೆಗೆ ದಕ್ಕದ ಪೋಷಕಾಂಶ ಪಡೆಯಲು ಮೊಲದ ಹಾಗೆ ತನ್ನ ಹಿಕ್ಕೆಯನ್ನೂ ತಿನ್ನುತ್ತದೆ. ಬೆನ್ನ ಮೇಲೆ ಹಕ್ಕಿ ಕೂತ ಚಿತ್ರ ನೋಡಿ ನೀವೆಲ್ಲ ಕರಗುತ್ತೀರಿ. ಎಮ್ಮೆಯ ಹಿಂದೆ ಬೆಳ್ಳಕ್ಕಿ ಹೋಗುವುದನ್ನು ನೋಡಿ ಬೆಳೆದ ನಮಗೆ ಅದು ಹೊಸದಾಗಬಾರದಿತ್ತು. ಹಕ್ಕಿ ಬರುವುದು ಹುಳಕ್ಕಾಗಿ.

ಆ ಹುಳಗಳಲ್ಲಿ ಉಣುಗೂ ಒಂದು. ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ನಾನು ಸೊರಬದ ಕಡೆಯವಳು. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ಸೀಮೆ ಅದು. ಕಾಯಿಲೆಯ ಹೆಸರು ಮಂಗನ ತಲೆಗೆ ಅಂಟಿತು, ಹರಡುವುದು ಮಾತ್ರ ಉಣುಗಿನಿಂದ. ಚಿಕ್ಕವಳಿದ್ದಾಗ ಮಂಗ ಕಂಡರೆ ನಾವು ಕಲ್ಲು ಹೊಡೆಯುತ್ತಿದ್ದೆವು. ನಾನೂ ಹೊಡೆದಿದ್ದೇನೆ. ಮರಿ ಅವಚಿಕೊಂಡಿದ್ದ ಒಂದಕ್ಕೆ ತಗುಲಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬ್ರೆಜಿಲ್‌ನ ಸಾವೊ ಪಾವ್ಲೊ ಸೀಮೆಯಲ್ಲಿ ಉಣುಗಿನಿಂದ ಬರುವ ಚುಕ್ಕೆಜ್ವರಕ್ಕೂ ಕ್ಯಾಪಿಬಾರಕ್ಕೂ ಇಂಥದೇ ನಂಟು. ರೋಗಾಣು ಕೆಲವು ದಿನ ಅದರ ರಕ್ತದಲ್ಲಿ ಹೆಚ್ಚುತ್ತದೆ, ಆಗ ಕಚ್ಚಿದ ಉಣುಗುಗಳು ಸೋಂಕು ಹೊತ್ತುಕೊಳ್ಳುತ್ತವೆ. 2023ರ ಜೂನ್‌ನಲ್ಲಿ ಕ್ಯಾಂಪಿನಾಸ್‌ನಲ್ಲಿ ಆ ಜ್ವರದಿಂದ ಜನ ಸತ್ತರು. ಮುದ್ದಿನ ವಿಡಿಯೊ ನೋಡಿ ಮನೆಯಲ್ಲಿ ಸಾಕುವ ಆಸೆ ಪಡುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಅದು ಕಚ್ಚುತ್ತದೆ ಎಂಬುದನ್ನೂ ಹೇಳುವುದಿಲ್ಲ. ಇಂದು ಮುದ್ದಾದದ್ದು ನಾಳೆ ಪಿಡುಗಾಗಲು ಒಂದು ಸುದ್ದಿ ಸಾಕು, ಆಮೇಲೆ ಕೈಗೆ ಕಲ್ಲು ಬರುತ್ತದೆ. ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ.

ನಾರ್ಡೆಲ್ಟಾದಲ್ಲಿ ನಡೆದದ್ದೂ ಅದೇ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಉತ್ತರಕ್ಕೆ, ಪರಾನಾ ನದಿಯ ಮುಖಜಭೂಮಿಯ ಜೌಗಿಗೆ ಮಣ್ಣು ತುಂಬಿ ಕಟ್ಟಿದ ಸಿರಿವಂತರ ಬಡಾವಣೆ ಅದು. ಸುತ್ತ ಗೋಡೆ, ಒಳಗೆ ಕೃತಕ ಕೆರೆ, ಅಂಗಳದ ತುಂಬ ನೀರುಣಿಸಿದ ಎಳೆಯ ಹುಲ್ಲು. ಹುಲ್ಲು ತಿನ್ನುವ, ನೀರು ಬೇಕಾದ ಪ್ರಾಣಿ ಇನ್ನೆಲ್ಲಿಗೆ ಹೋಗಬೇಕು? ಅದನ್ನು ತಿನ್ನುತ್ತಿದ್ದ ಜಾಗ್ವಾರ್ ಆ ಸೀಮೆಯಿಂದ ಎಂದೋ ಅಳಿದುಹೋಗಿತ್ತು. 2021ರಲ್ಲಿ ಜಗತ್ತಿನ ಪತ್ರಿಕೆಗಳೆಲ್ಲ ಕ್ಯಾಪಿಬಾರಗಳು ಬಡಾವಣೆಗೆ ನುಗ್ಗಿವೆ ಎಂದು ಬರೆದವು. ಹೂದೋಟ ಹಾಳು ಮಾಡಿದವು, ನಾಯಿಗಳನ್ನು ಕಚ್ಚಿದವು, ರಸ್ತೆಯಲ್ಲಿ ವಾಹನಗಳಿಗೆ ಅಡ್ಡ ಬಂದವು ಎಂಬ ದೂರುಗಳು. ಈಗ ಅವುಗಳ ಸಂತತಿ ತಗ್ಗಿಸಲು ಗರ್ಭನಿರೋಧಕ ಚುಚ್ಚುಮದ್ದಿನವರೆಗೂ ವಿಷಯ ಹೋಗಿದೆ. ನುಗ್ಗಿದವರು ಯಾರು ಎಂಬ ಪ್ರಶ್ನೆಯನ್ನು ಅರ್ಜೆಂಟೀನಾದ ಜನರೇ ಜೋರಾಗಿ ಕೇಳಿದರು. ಜೌಗುನೆಲ ಉಳಿಸುವ ಕಾನೂನಿಗಾಗಿ ನಡೆದ ಒತ್ತಾಯಕ್ಕೆ ಅಲ್ಲಿ ಕಾರ್ಪಿಂಚೊ ಎಂದು ಕರೆಯುವ ಈ ಪ್ರಾಣಿಯೇ ಗುರುತಾಯಿತು. ಅದು ನನಗೆ ಬಹಳ ಹಿಡಿಸಿತು. ಆದರೆ ನಮ್ಮ ಮೊಬೈಲಿಗೆ ಆ ಸುದ್ದಿಯೂ ಬಂದದ್ದು "ಶ್ರೀಮಂತರ ಬಡಾವಣೆಯಲ್ಲಿ ಮುದ್ದು ಪ್ರಾಣಿಗಳ ವಿಹಾರ" ಎಂಬ ಸಾಲಿನೊಡನೆ.

ಮಕ್ಕಳ ಸಂತೋಷಕ್ಕೆ ಯಾಕೆ ಅಡ್ಡ ಬರುತ್ತೀಯ, ಮುದ್ದು ಎನಿಸಿದರೆ ತಾನೇ ಮುಂದೆ ಕಾಡಿನ ಮೇಲೂ ಪ್ರೀತಿ ಹುಟ್ಟುವುದು ಎಂದು ತಮ್ಮ ಕೇಳಿದ. ಹುಟ್ಟಬಹುದು. ಆದರೆ ಸುಳ್ಳು ಹೇಳಿ ಹುಟ್ಟಿಸಬೇಕೇ? ಇಷ್ಟು ವರ್ಷ ಮಕ್ಕಳ ಎದುರು ನಿಂತು ನಾನು ಕಂಡಿದ್ದೇನೆ, ಹಾವು ಕಪ್ಪೆಯನ್ನು ನುಂಗುವುದನ್ನು ಹೇಳಿದಾಗ ಅವರು ಕಣ್ಣರಳಿಸಿ ಕೇಳುತ್ತಾರೆ. ಬೆಚ್ಚಿ ಬೀಳುವವರು ನಾವು. ಅರ್ಜೆಂಟೀನಾದ ಇಬೆರಾ ಜೌಗಿನಲ್ಲಿ ದಶಕಗಳಿಂದ ಕಾಣೆಯಾಗಿದ್ದ ಜಾಗ್ವಾರ್‌ಗಳನ್ನು 2021ರಲ್ಲಿ ಮತ್ತೆ ತಂದು ಬಿಟ್ಟರು. ಅವು ಅಲ್ಲಿ ಮುಖ್ಯವಾಗಿ ತಿನ್ನುವುದು ಕ್ಯಾಪಿಬಾರವನ್ನೇ. ಆ ಜೌಗು ಉಳಿಯಬೇಕು ಎಂದು ದುಡಿದವರಿಗೆ ಕ್ಯಾಪಿಬಾರದ ಮೇಲೆ ಪ್ರೀತಿ ಇರಲಿಲ್ಲವೇ?

ಇಂದು ಬೆಳಿಗ್ಗೆ ಮಗುವಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅನಕೊಂಡದ ಸಂಗತಿಯನ್ನು ಎರಡು ಸಲ ಹೇಳಿಸಿಕೊಂಡಿತು. ಬೊಗಳಿದ ಕೂಡಲೇ ಮರಿಗಳೂ ನೀರಿಗೆ ಹಾರುತ್ತವೆಯೇ ಎಂದು ಕೇಳಿತು. ಹಾರುತ್ತವೆ ಎಂದೆ. ಫೋನಿನ ಆ ಕಡೆಯಿಂದ ಗೊಂಬೆಯ ಪರವಾಗಿ ಒಂದು ಬೊಗಳಿಕೆ, ಆಮೇಲೆ ಸೋಫಾದ ಹಿಂದಕ್ಕೆ ಏನೋ ಧೊಪ್ಪನೆ ಬಿದ್ದ ಸದ್ದು ಕೇಳಿಸಿತು.