ಕಾರ್ಡ್ ಆರಿಸೋ ಮೊದಲು 12 ತಿಂಗಳ ಸ್ಟೇಟ್‌ಮೆಂಟ್ ಮುಂದಿಟ್ಟುಕೊಳ್ಳಿ

ಹೋದ ಭಾನುವಾರ ತಮ್ಮ ಫೋನ್ ಮಾಡಿದ್ದ. "ಅಕ್ಕಾ, ಎರಡು ಕ್ರೆಡಿಟ್ ಕಾರ್ಡ್ ನೋಡಿಟ್ಟಿದೀನಿ. ಒಂದರಲ್ಲಿ ಏರ್‌ಪೋರ್ಟ್ ಲೌಂಜ್ ಫ್ರೀ, ಇನ್ನೊಂದರಲ್ಲಿ 5 ಪರ್ಸೆಂಟ್ ಕ್ಯಾಶ್‌ಬ್ಯಾಕ್. ಯಾವುದು ತಗೊಳ್ಳಲಿ ಹೇಳು." ನಾನು ಕೇಳಿದೆ, "ಹೋದ ವರ್ಷ ಎಷ್ಟು ಸಲ ವಿಮಾನ ಹತ್ತಿದ್ದೆ?" ಸ್ವಲ್ಪ ಯೋಚಿಸಿ "ಒಂದ್ಸಲ" ಅಂದ. "ಈಗಿರೋ ಕಾರ್ಡಿನ ಬಿಲ್ ಪೂರ್ತಿ ಕಟ್ತಿದೀಯೋ, ಬರೀ ಮಿನಿಮಮ್ ಡ್ಯೂ ಕಟ್ತಿದೀಯೋ?" ಈ ಸಲ ಉತ್ತರ ಬರೋದು ಇನ್ನೂ ತಡವಾಯಿತು.

ಎರಡನೇ ಪ್ರಶ್ನೆಗೆ ಅವನು ತಡವರಿಸಿದ ಮೇಲೆ ಲೌಂಜ್, ಕ್ಯಾಶ್‌ಬ್ಯಾಕ್ ಮಾತು ಅಲ್ಲಿಗೇ ನಿಲ್ಲಿಸಿದೆವು. ಯಾಕೆ ಅಂತ ಇಲ್ಲಿ ಬರೀತಿದ್ದೇನೆ. ಇದೇ ಪ್ರಶ್ನೆ ಇಟ್ಟುಕೊಂಡಿರೋರು ನನ್ನ ಸ್ನೇಹಿತರಲ್ಲೂ ತುಂಬಾ ಜನ ಇದ್ದಾರೆ.

ಮಿನಿಮಮ್ ಡ್ಯೂ ಅಂದರೆ ಬಿಲ್ಲಿನ ಸಣ್ಣದೊಂದು ಪಾಲು. ಅದನ್ನು ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ತಿಂಗಳಿಗೆ 3 ಪರ್ಸೆಂಟ್ ಬಡ್ಡಿ ಅಂದಾಗ ಕಿವಿಗೆ ಅಷ್ಟೇನೂ ಭಾರ ಅನ್ನಿಸಲ್ಲ. ಆದರೆ ಬಡ್ಡಿಗೆ ಬಡ್ಡಿ ಸೇರುತ್ತಾ ಹೋಗಿ ವರ್ಷಕ್ಕೆ ಅದು 42.6 ಪರ್ಸೆಂಟ್ ಆಗುತ್ತದೆ. ಇತ್ತ ರಿವಾರ್ಡ್ ಹೆಸರಲ್ಲಿ ಸಿಗೋದು ನೂರಕ್ಕೆ ಒಂದೋ ಎರಡೋ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತೇ ಇರಲ್ಲ. ಬಾಕಿ ಉಳಿಸಿಕೊಂಡರೆ ಬಡ್ಡಿಯಿಲ್ಲದ ಅವಧಿ ಸಾಮಾನ್ಯವಾಗಿ ಹೊಸ ಖರೀದಿಗೂ ಸಿಗುವುದಿಲ್ಲ. ಇವತ್ತು ಸಂಜೆ ಕಾರ್ಡ್ ಉಜ್ಜಿ ಕೊಂಡ ಸಾಮಾನಿಗೆ ಇವತ್ತಿಂದಲೇ ಬಡ್ಡಿ ಓಡುತ್ತದೆ. ಹಾಗಾಗಿ ಬಾಕಿ ಇರುವವರು ರಿವಾರ್ಡ್ ಕಾಲಂ ನೋಡುವ ಅಗತ್ಯವೇ ಇಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಅವರು ನೋಡಬೇಕಾದ್ದು ಬಡ್ಡಿ ದರ ಒಂದನ್ನೇ. ಹೊಸ ಕಾರ್ಡ್ ಅಂತೂ ಬೇಡವೇ ಬೇಡ.

ನಮಗೆ ಸಿಗುವ ಆ ಒಂದೆರಡು ಪರ್ಸೆಂಟ್ ಎಲ್ಲಿಂದ ಬರುತ್ತದೆ ಅನ್ನೋದೂ ತಿಳಿದಿರಬೇಕು. ನಾವು ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವರು ಒಂದು ಶುಲ್ಕ ಕಟ್ಟುತ್ತಾರೆ. ಅದರಲ್ಲಿ ದೊಡ್ಡ ಪಾಲು, ಇಂಟರ್‌ಚೇಂಜ್ ಅಂತಾರಲ್ಲ ಅದು, ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕ್ ಅದರಲ್ಲೇ ಒಂದಿಷ್ಟನ್ನು ನಮಗೆ ರಿವಾರ್ಡ್ ಅಂತ ಹಿಂತಿರುಗಿಸುತ್ತದೆ. ಯುರೋಪಿಯನ್ ಒಕ್ಕೂಟ 2015ರಲ್ಲಿ ಸಾಮಾನ್ಯ ಗ್ರಾಹಕರ ಕ್ರೆಡಿಟ್ ಕಾರ್ಡಿನ ಇಂಟರ್‌ಚೇಂಜನ್ನು 0.3 ಪರ್ಸೆಂಟಿಗೆ ಕಟ್ಟಿಹಾಕಿತು. ಅದಕ್ಕೇ ಅಲ್ಲಿನ ಕಾರ್ಡುಗಳ ರಿವಾರ್ಡ್ ಅಮೆರಿಕದವುಗಳ ಮುಂದೆ ತೆಳು. ಬ್ಯಾಂಕಿನ ಇನ್ನೊಂದು ದೊಡ್ಡ ಆದಾಯ ಬಾಕಿ ಉಳಿಸಿಕೊಂಡವರ ಬಡ್ಡಿ ಮತ್ತು ಲೇಟ್ ಫೀ. ಪೂರ್ತಿ ಬಿಲ್ ಕಟ್ಟುವ ನನ್ನ ಕ್ಯಾಶ್‌ಬ್ಯಾಕಿನಲ್ಲಿ ಎಲ್ಲೋ ನನ್ನ ತಮ್ಮನ ಬಡ್ಡಿಯೂ ಸೇರಿರಬಹುದು ಅನ್ನೋ ಯೋಚನೆ ಬಂದ ದಿನದಿಂದ ಇದನ್ನು ನಾಲ್ಕು ಜನಕ್ಕೆ ಹೇಳಲೇಬೇಕು ಅನ್ನಿಸಿದೆ.

ಈಗ ಪೂರ್ತಿ ಬಿಲ್ ಕಟ್ಟುವವರ ವಿಷಯ. ಎರಡು ವರ್ಷದ ಹಿಂದೆ ಒಂದು ರಾತ್ರಿ 12 ತಿಂಗಳ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು, ಮಗಳ ಬಣ್ಣದ ಪೆನ್ಸಿಲ್ ಡಬ್ಬಿ ತಗೊಂಡು ಕೂತೆ. ದಿನಸಿಗೆ ಹಸಿರು, ಪ್ರಯಾಣಕ್ಕೆ ನೀಲಿ, ಹೋಟೆಲ್ ಊಟಕ್ಕೆ ಕಿತ್ತಳೆ, ಫೋನ್-ಕರೆಂಟ್-ವಿಮೆಗೆ ಕಂದು, ಉಳಿದಿದ್ದಕ್ಕೆಲ್ಲ ಬೂದು. ನನ್ನ ಖರ್ಚು ನನಗೆ ಗೊತ್ತಿಲ್ಲವೇ ಅನ್ನೋ ಧೈರ್ಯದಲ್ಲೇ ಶುರು ಮಾಡಿದ್ದು. ಮೂರನೇ ತಿಂಗಳ ಹಾಳೆ ಮುಗಿಯುವಷ್ಟರಲ್ಲಿ ಕಂದು ಪೆನ್ಸಿಲ್ ಮೊಂಡಾಗಿತ್ತು. ನೀಲಿ ಹೆಚ್ಚುಕಮ್ಮಿ ಹೊಸದಾಗೇ ಉಳಿದಿತ್ತು. ಆದರೆ ನನ್ನ ಕೈಲಿದ್ದದ್ದು ಪ್ರಯಾಣದ ಮೇಲೆ ಮಾತ್ರ ಹೆಚ್ಚು ಪಾಯಿಂಟ್ ಕೊಡುವ ಕಾರ್ಡ್. ಅದರ ನಿಯಮಗಳಲ್ಲಿ ವಿಮೆಗೆ, ಕರೆಂಟ್ ಬಿಲ್ಲಿಗೆ ಪಾಯಿಂಟೇ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅಂದರೆ ನನ್ನ ಖರ್ಚಿನ ಅತಿ ದಪ್ಪ ಬಣ್ಣಕ್ಕೆ ಆ ಕಾರ್ಡಿನಲ್ಲಿ ಬೆಲೆ ಸೊನ್ನೆ.

ನಾನು ಹೇಳಬೇಕಾದ್ದು ಇಷ್ಟೇ: ಕಾರ್ಡಿನ ಜಾಹೀರಾತು ಓದುವ ಮೊದಲು ನಿಮ್ಮ ಖರ್ಚನ್ನು ಓದಿ. ಮುಂದೆ ಹೀಗೆ ಖರ್ಚು ಮಾಡ್ತೀನಿ ಅನ್ನೋ ಅಂದಾಜು ಬೇಡ, ಆಗಿಹೋದ ಖರ್ಚಿನ ಲೆಕ್ಕವೇ ಬೇಕು. ನಾವು ಹೇಗೆ ಬದುಕುತ್ತಿದ್ದೇವೆ ಅಂದುಕೊಂಡಿರುತ್ತೇವೋ ಅದಕ್ಕೂ ಸ್ಟೇಟ್‌ಮೆಂಟಿನಲ್ಲಿ ಇರುವುದಕ್ಕೂ ಬಹಳ ವ್ಯತ್ಯಾಸ ಇರುತ್ತದೆ.

5 ಪರ್ಸೆಂಟ್ ಅನ್ನೋ ದೊಡ್ಡ ಅಕ್ಷರದ ಲೆಕ್ಕ ನೋಡೋಣ. ವರ್ಷದ ಒಟ್ಟು ಖರ್ಚನ್ನು 100 ಪಾಲು ಅಂತಿಟ್ಟುಕೊಳ್ಳಿ. 5 ಪರ್ಸೆಂಟ್ ಸಿಗೋದು ಸಾಮಾನ್ಯವಾಗಿ ದಿನಸಿ, ಪ್ರಯಾಣದಂಥ ಯಾವುದೋ ಒಂದು ವರ್ಗದ ಖರ್ಚಿಗೆ ಮಾತ್ರ. ಆ ವರ್ಗದಲ್ಲಿ ನಿಮ್ಮ ಖರ್ಚು ಬರೀ 8 ಪಾಲು ಇದ್ದರೆ ಅಲ್ಲಿ ಬರೋದು 0.4. ಉಳಿದ 92 ಪಾಲಿಗೆ ಅರ್ಧ ಪರ್ಸೆಂಟಿನಂತೆ 0.46. ಎಲ್ಲ ಸೇರಿ 0.86. ಎಲ್ಲದಕ್ಕೂ ಒಂದೇ ಸಮ 1 ಪರ್ಸೆಂಟ್ ಕೊಡುವ, ನೋಡೋಕೆ ಸಪ್ಪೆಯಾದ ಕಾರ್ಡ್ ಇದಕ್ಕಿಂತ ಹೆಚ್ಚು ಕೊಡುತ್ತದೆ. ಸಾಲದ್ದಕ್ಕೆ 5 ಪರ್ಸೆಂಟಿಗೆ ತಿಂಗಳಿಗೆ ಇಷ್ಟೇ ಅನ್ನೋ ಮಿತಿ ಬೇರೆ ಇರುತ್ತದೆ. ವರ್ಗ ಯಾವುದು ಅನ್ನೋದನ್ನು ತೀರ್ಮಾನಿಸೋದೂ ನೀವು ಕೊಂಡ ಸಾಮಾನಲ್ಲ, ಅಂಗಡಿಗೆ ಕೊಟ್ಟಿರುವ ನಾಲ್ಕಂಕಿಯ ಕೋಡ್. ಎಲ್ಲ ಬಗೆಯ ಸಾಮಾನೂ ಸಿಗುವ ದೊಡ್ಡ ಮಳಿಗೆಯಲ್ಲಿ ನೀವು ಬರೀ ದಿನಸಿ ಕೊಂಡರೂ ಅದು ದಿನಸಿ ಅಂತ ಲೆಕ್ಕಕ್ಕೆ ಬಾರದೆ ಇರಬಹುದು.

ವಾರ್ಷಿಕ ಶುಲ್ಕಕ್ಕೂ ಇದೇ 100 ಪಾಲಿನ ಲೆಕ್ಕ. ಶುಲ್ಕವಿಲ್ಲದ ಕಾರ್ಡ್ 1 ಪರ್ಸೆಂಟ್ ಕೊಡುತ್ತದೆ, ಶುಲ್ಕದ ಕಾರ್ಡ್ 2 ಕೊಡುತ್ತದೆ ಅಂದುಕೊಳ್ಳಿ. ಶುಲ್ಕ ನಿಮ್ಮ ಖರ್ಚಿನ ಒಂದೂವರೆ ಪಾಲು ಆದರೆ ಕೈಗೆ ಉಳಿಯೋದು ಅರ್ಧ ಪಾಲು. ಶುಲ್ಕವಿಲ್ಲದ್ದರಲ್ಲಿ ಪೂರ್ತಿ ಒಂದು ಪಾಲು ಉಳಿಯುತ್ತಿತ್ತು. ಶುಲ್ಕವನ್ನು ಎರಡು ಕಾರ್ಡುಗಳ ರಿವಾರ್ಡ್ ವ್ಯತ್ಯಾಸದಿಂದ ಭಾಗಿಸಿದರೆ ವರ್ಷಕ್ಕೆ ಎಷ್ಟು ಖರ್ಚು ಮಾಡಿದರೆ ಸರಿಹೋಗುತ್ತದೆ ಅಂತ ಸಿಗುತ್ತದೆ. ಇಲ್ಲಿ ವ್ಯತ್ಯಾಸ ನೂರಕ್ಕೆ ಒಂದು, ಹಾಗಾಗಿ ಅದು 150 ಪಾಲು. ನಿಮ್ಮ ಖರ್ಚು 100 ಇದ್ದಾಗ ಆ ಕಾರ್ಡ್ ಮೂಗಿಗಿಂತ ಮೂಗುತಿ ಭಾರ. ಲೌಂಜ್, ಸಿನಿಮಾ ಟಿಕೆಟ್, ವೋಚರ್ ಇವನ್ನು ಲೆಕ್ಕಕ್ಕೆ ಹಿಡಿಯುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಕಾರ್ಡ್ ಇಲ್ಲದಿದ್ದರೆ ಇದಕ್ಕೆ ನಾನು ಜೇಬಿನಿಂದ ದುಡ್ಡು ಕೊಡುತ್ತಿದ್ದೆನಾ? ಇಲ್ಲ ಅಂದರೆ ಅದರ ಬೆಲೆ ಸೊನ್ನೆ ಅಂತಲೇ ಬರೆದುಕೊಳ್ಳಿ.

ಇಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ ಅನ್ನೋ ಷರತ್ತಿನ ಬಗ್ಗೆ ನನಗೆ ಕೋಪವೇ ಇದೆ. ಒಂದು ವರ್ಷ ಕೊನೆಯ ತಿಂಗಳಲ್ಲಿ ಆ ಗುರಿಗೆ ಸ್ವಲ್ಪವೇ ಕಡಿಮೆ ಇತ್ತು. ಆ್ಯಪ್ ತೆರೆದಾಗಲೆಲ್ಲ ಒಂದು ಹಸಿರು ಪಟ್ಟಿ, ಇನ್ನು ಬೆರಳಗಲ ತುಂಬಿದರೆ ಆಯಿತು ಅನ್ನುವ ಹಾಗೆ. ಅದನ್ನು ತುಂಬಿಸೋಕೆ ಒಂದು ದೊಡ್ಡ ಸೂಟ್‌ಕೇಸ್ ಕೊಂಡೆ. ಶುಲ್ಕ ಮನ್ನಾ ಆಯಿತು. ಸೂಟ್‌ಕೇಸಿನ ಬೆಲೆ ಆ ಶುಲ್ಕದ ಮೂರರಷ್ಟಿತ್ತು. ಅದು ಈಗಲೂ ಅಟ್ಟದ ಮೇಲಿದೆ, ಹಿಡಿಕೆಯ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ.

ಇದು ನನ್ನೊಬ್ಬಳ ದೌರ್ಬಲ್ಯ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ನ್ಯೂನ್ಸ್ ಮತ್ತು ಡ್ರೇಜ್ ಅನ್ನೋ ಇಬ್ಬರು ಸಂಶೋಧಕರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಕಾರು ತೊಳೆಸಲು ಬಂದವರಲ್ಲಿ ಅರ್ಧ ಜನಕ್ಕೆ, ತೊಳೆಸಿದಾಗಲೆಲ್ಲ ಒಂದರಂತೆ 8 ಮುದ್ರೆ ತುಂಬಿಸಿದರೆ ಒಂದು ಸಲ ಉಚಿತವಾಗಿ ತೊಳೆದುಕೊಡುವ ಚೀಟಿ ಕೊಟ್ಟರು. ಉಳಿದರ್ಧ ಜನಕ್ಕೆ 10 ಮುದ್ರೆಯ ಚೀಟಿ, ಆದರೆ 2 ಮೊದಲೇ ಒತ್ತಿ ಕೊಟ್ಟಿದ್ದು. ಇಬ್ಬರೂ ತುಂಬಿಸಬೇಕಾದ್ದು ಎಂಟೇ. ಮೊದಲ ಗುಂಪಿನಲ್ಲಿ 19 ಪರ್ಸೆಂಟ್ ಜನ ಚೀಟಿ ಪೂರ್ತಿ ಮಾಡಿದರೆ, ಎರಡನೆಯದರಲ್ಲಿ 34 ಪರ್ಸೆಂಟ್. ಅರ್ಧ ತುಂಬಿದ್ದು ಕಣ್ಣಿಗೆ ಬಿದ್ದರೆ ತುಂಬಿಸೋಣ ಅನ್ನಿಸೋದು ಮನುಷ್ಯ ಸ್ವಭಾವ. ಆ ಹಸಿರು ಪಟ್ಟಿ ಆ ಸ್ವಭಾವವನ್ನೇ ಹಿಡಿದೆಳೆಯುತ್ತದೆ. ಪ್ರೆಲೆಕ್ ಮತ್ತು ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟಿಗೆ ಬಿಡ್ ಕೂಗಿಸಿದ್ದರು. ನಗದು ಕೊಡಬೇಕಾದವರು ಕೂಗಿದ್ದಕ್ಕಿಂತ ಕ್ರೆಡಿಟ್ ಕಾರ್ಡಿನಲ್ಲಿ ಕೊಡುವವರು ಕೂಗಿದ್ದು ಎರಡು ಪಟ್ಟಿಗಿಂತಲೂ ಸ್ವಲ್ಪ ಹೆಚ್ಚು. 2 ಪರ್ಸೆಂಟ್ ರಿವಾರ್ಡ್ ಸಿಕ್ಕಿ ಖರ್ಚು 10 ಪರ್ಸೆಂಟ್ ಹೆಚ್ಚಾದರೆ ಯಾರಿಗೆ ಲಾಭ?

ಪಾಯಿಂಟಿನ ವಿಷಯ. ನೂರಕ್ಕೆ 4 ಪಾಯಿಂಟ್ ಅಂತ ಬರೆದಿರುತ್ತಾರೆ. ಒಂದು ಪಾಯಿಂಟಿನ ಬೆಲೆ ಕಾಲು ರೂಪಾಯಿ ಅಂದರೆ ಅದು 1 ಪರ್ಸೆಂಟೇ. ಪಾಯಿಂಟಿನ ಸಂಖ್ಯೆ ಬಿಟ್ಟು ಬೆಲೆ ಕೇಳಿ. ಆ ಬೆಲೆಯನ್ನು ಯಾವಾಗ ಬೇಕಾದರೂ ಇಳಿಸುವ ಹಕ್ಕು ಬ್ಯಾಂಕ್ ತನ್ನಲ್ಲೇ ಇಟ್ಟುಕೊಂಡಿರುತ್ತದೆ. ನಾನು ಮೂರು ವರ್ಷ ಕೂಡಿಟ್ಟ ಪಾಯಿಂಟುಗಳ ಬೆಲೆ ಒಂದು ಇಮೇಲಿನಲ್ಲಿ ಅರ್ಧಕ್ಕೆ ಇಳಿಯಿತು. ಫೋನ್ ಮಾಡಿದರೆ ಆ ಕಡೆಯ ಹುಡುಗಿ ಪಾಪ ಮತ್ತೆ ಮತ್ತೆ "ಸಾರಿ ಮೇಡಂ" ಅನ್ನುತ್ತಿದ್ದಳು. ಅವಳದ್ದೇನೂ ತಪ್ಪಿಲ್ಲ. ಆವತ್ತಿಂದ ನನ್ನ ಒಲವು ಕ್ಯಾಶ್‌ಬ್ಯಾಕ್ ಕಡೆಗೆ. 1986ರಲ್ಲಿ ಅಮೆರಿಕದ ಡಿಸ್ಕವರ್ ಕಾರ್ಡ್ ಖರ್ಚಿನ ಒಂದು ಪಾಲನ್ನು ದುಡ್ಡಾಗೇ ಹಿಂತಿರುಗಿಸೋ ಪದ್ಧತಿಯನ್ನು ಹೆಸರುವಾಸಿ ಮಾಡಿತು. ಬಿಲ್ಲಿನಲ್ಲೇ ಕಡಿತವಾಗಿ ಬರುವ ದುಡ್ಡು ಎಣಿಸೋಕೂ ಸುಲಭ, ಬೆಲೆ ಇಳಿಯುವ ಭಯವೂ ಇಲ್ಲ. ವರ್ಷಕ್ಕೆ ಹತ್ತಾರು ಸಲ ವಿಮಾನ ಹತ್ತುವವರಿಗೆ, ಕೂತು ಲೆಕ್ಕ ಹಾಕುವ ತಾಳ್ಮೆ ಇರುವವರಿಗೆ ಮೈಲ್ಸ್, ಅಂದರೆ ವಿಮಾನದ ಟಿಕೆಟ್ಟಿಗೆ ಬಳಸುವ ಪಾಯಿಂಟ್, ಲಾಭ ಕೊಡಬಹುದು. ಅವರೂ ಕೂಡಿಡುತ್ತಾ ಹೋಗಬಾರದು, ಬಂದಷ್ಟನ್ನು ಬಳಸಿಬಿಡಬೇಕು.

ಹೊರದೇಶದಲ್ಲಿ ಉಜ್ಜುವವರು ಫಾರೆಕ್ಸ್ ಮಾರ್ಕಪ್, ಅಂದರೆ ವಿದೇಶಿ ಹಣದ ಖರ್ಚಿನ ಮೇಲೆ ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ, ಎಷ್ಟು ಅಂತ ನೋಡಿ, ಕೆಲವು ಕಾರ್ಡಿನಲ್ಲಿ 3 ಪರ್ಸೆಂಟಿಗಿಂತಲೂ ಹೆಚ್ಚಿರುತ್ತದೆ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಲೇಬೇಡಿ, ಶುಲ್ಕದ ಜೊತೆಗೆ ಸಾಮಾನ್ಯವಾಗಿ ತೆಗೆದ ದಿನದಿಂದಲೇ ಬಡ್ಡಿ. ಕಾರ್ಡ್ ಬಂದ ದಿನವೇ ಪೂರ್ತಿ ಬಿಲ್ಲಿಗೆ ಆಟೋ ಡೆಬಿಟ್ (ಖಾತೆಯಿಂದ ತಾನಾಗೇ ಬಿಲ್ ಕಟ್ಟಿಹೋಗುವ ಏರ್ಪಾಡು) ಹಾಕಿ. ಅಲ್ಲಿ ಎರಡು ಆಯ್ಕೆ ಇರುತ್ತವೆ, ಮಿನಿಮಮ್ ಡ್ಯೂ ಮತ್ತು ಟೋಟಲ್ ಡ್ಯೂ. ಟೋಟಲ್ ಅನ್ನೋದನ್ನೇ ಒತ್ತಿದ್ದೀರಾ ಅಂತ ಎರಡು ಸಲ ನೋಡಿ. ತಮ್ಮ ಮಿನಿಮಮ್ ಒತ್ತಿದ್ದ, ಎಲ್ಲ ಸರಿಯಾಗಿ ಕಟ್ಟಿಹೋಗುತ್ತಿದೆ ಅಂದುಕೊಂಡು ಏಳು ತಿಂಗಳು ಕಳೆದಿದ್ದ.

ನಿನ್ನೆ ರಾತ್ರಿ ಅವನೊಂದು ಫೋಟೋ ಕಳಿಸಿದ್ದ. ನೆಲದ ಮೇಲೆ ಸಾಲಾಗಿ 12 ಹಾಳೆ, ಪಕ್ಕದಲ್ಲಿ ನಾಲ್ಕು ಸ್ಕೆಚ್ ಪೆನ್ನು. ಬಡ್ಡಿಯ ಸಾಲುಗಳಿಗೆಲ್ಲ ಕೆಂಪು ಬಳಿದಿದ್ದ. ಕೊನೆಯ ಏಳು ಹಾಳೆಯಲ್ಲೂ ಕೆಂಪು. ಆಟೋ ಡೆಬಿಟ್ ಬದಲಾಯಿಸಿದ್ದಾನೆ. ಹಳೇ ಬಾಕಿ ತೀರೋಕೆ ಇನ್ನೂ ನಾಲ್ಕು ತಿಂಗಳು ಬೇಕಂತೆ, ಅಲ್ಲೀವರೆಗೆ ಹೊಸ ಕಾರ್ಡಿನ ಮಾತು ಬೇಡ ಅಂದಿದ್ದಾನೆ.