ವಕೀಲರ ಫೀಸು ಯಾರ ಜೇಬಿನಿಂದ?

ಕ್ಯಾಲಿಫೋರ್ನಿಯಾದ ನಮ್ಮ ಕನ್ನಡದವರಲ್ಲಿ ಡೈವೋರ್ಸ್ ಮಾತು ಬಂದರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಪರಿಚಯದ ಲಾಯರ್ ಯಾರಾದ್ರೂ ಇದ್ದಾರಾ?" ಇದು ಊರಿನ ಅಭ್ಯಾಸ. ಭಾರತದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ, ಬಾಯಿಮಾತೇ ಗತಿ. ಇಲ್ಲಿ ವಕೀಲರಿಗೆ ಲೈಸೆನ್ಸ್ ಕೊಡುವ ಸಂಸ್ಥೆಯಾದ ಸ್ಟೇಟ್ ಬಾರ್‌ನ ವೆಬ್‌ಸೈಟಿನಲ್ಲಿ ಹೆಸರು ಹುಡುಕಿದರೆ ಸಾಕು. ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಶಿಸ್ತುಕ್ರಮ ಆಗಿದೆಯಾ, ಕುಟುಂಬ ಕಾನೂನಿನಲ್ಲಿ ಸರ್ಟಿಫೈಡ್ ಸ್ಪೆಷಲಿಸ್ಟಾ, ಎಲ್ಲ ಕಾಣುತ್ತದೆ. ಆದರೂ ನಮ್ಮವರು ಫೋನ್ ಮಾಡುವುದು ವೀಸಾ ಮಾಡಿಸಿಕೊಟ್ಟ ಲಾಯರಿಗೇ!

ಊರಿನಲ್ಲಿ ಕೇಸಿಗಿಷ್ಟು ಅಥವಾ ಹಿಯರಿಂಗಿಗಿಷ್ಟು ಅಂತ ಮಾತಾಡಿಕೊಳ್ಳುತ್ತೇವೆ. ಇಲ್ಲಿ ರಿಟೇನರ್ ಅಂತ ಕೆಲವು ಸಾವಿರ ಡಾಲರ್ ಮುಂಗಡ ಇಡಬೇಕು. ಆಮೇಲೆ ಆಟೋ ಮೀಟರಿನ ಹಾಗೆ ಲೆಕ್ಕ ಓಡುತ್ತದೆ. ಎಷ್ಟೋ ಕಡೆ ಗಂಟೆಯನ್ನು ಆರು ನಿಮಿಷದ ತುಂಡುಗಳಾಗಿ ಮಾಡಿ ಬಿಲ್ ಹಾಕುತ್ತಾರೆ. ಇಮೇಲ್ ಓದಿದ್ದಕ್ಕೂ ದುಡ್ಡು, ನೀವು ಫೋನಿನಲ್ಲಿ ಅತ್ತೆಯ ಮೇಲೆ ದೂರು ಹೇಳಿದ್ದಕ್ಕೂ ದುಡ್ಡು. ದುಬಾರಿ, ನಿಜ. ಆದರೆ ಫೀಸು 1,000 ಡಾಲರ್ ದಾಟುವಂತಿದ್ದರೆ ಲಿಖಿತ ಒಪ್ಪಂದ ಇರಬೇಕು ಅನ್ನುತ್ತದೆ ಇಲ್ಲಿನ ಕಾನೂನು. ಖರ್ಚಾಗದೆ ಉಳಿದ ಮುಂಗಡ ವಾಪಸ್ ಬರುತ್ತದೆ. ಊರಿನಲ್ಲಿ ವಕೀಲರ ಹತ್ತಿರ ರಸೀದಿ ಕೇಳಲಿಕ್ಕೇ ನಮಗೆ ಸಂಕೋಚ, ಅಲ್ವಾ?

ಒಂದು ವಿಷಯದಲ್ಲಿ ಮಾತ್ರ ಭಾರತವೇ ಮುಂದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಯಾವ ಹೆಣ್ಣುಮಗಳಾದರೂ ಉಚಿತ ವಕೀಲರನ್ನು ಕೇಳಬಹುದು, ಆದಾಯ ಎಷ್ಟೇ ಇರಲಿ. ಅಮೆರಿಕದಲ್ಲಿ ಕೈಯಲ್ಲಿ ದುಡ್ಡಿಲ್ಲದವರಿಗೆ ಸರ್ಕಾರ ವಕೀಲರನ್ನು ಕೊಡುವುದು ಕ್ರಿಮಿನಲ್ ಕೇಸಿನಲ್ಲಿ. ಡೈವೋರ್ಸ್‌ಗೆ ಆ ಹಕ್ಕಿಲ್ಲ.

ಇದರಲ್ಲಿ ಸಿಕ್ಕಿಬೀಳುವುದು ಎಚ್-4, ಅಂದರೆ ಇಲ್ಲಿ ಕೆಲಸಕ್ಕೆ ಬಂದವರ ಗಂಡ ಅಥವಾ ಹೆಂಡತಿಗೆ ಸಿಗುವ ವೀಸಾದಲ್ಲಿ ಬಂದವರು. ಹೆಚ್ಚಿನವರಿಗೆ ಸ್ವಂತ ಸಂಪಾದನೆ ಇರುವುದಿಲ್ಲ, ಬ್ಯಾಂಕ್ ಖಾತೆಯೆಲ್ಲ ಗಂಡನ ಕೈಯಲ್ಲಿ. ವೀಸಾ ಸ್ಥಿತಿಯೂ ಮದುವೆಯ ಜೊತೆಗೇ ಮುಗಿಯುತ್ತದೆ. ಇಂಥವರು ಅಪ್ಪನ ಹತ್ತಿರ ಸಾಲ ಕೇಳುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕ್ಯಾಲಿಫೋರ್ನಿಯಾದ ಕುಟುಂಬ ಸಂಹಿತೆಯ ಸೆಕ್ಷನ್ 2030 ಇರುವುದೇ ಇದಕ್ಕೆ. ಒಬ್ಬರ ಹತ್ತಿರ ದುಡ್ಡಿದ್ದು ಇನ್ನೊಬ್ಬರ ಹತ್ತಿರ ಇಲ್ಲದಿದ್ದರೆ, ಇಲ್ಲದವರ ವಕೀಲರ ಫೀಸನ್ನು ಇದ್ದವರೇ ಕೊಡಲಿ ಅಂತ ಕೋರ್ಟು ಕೇಸಿನ ಶುರುವಿನಲ್ಲೇ ಹೇಳಬಹುದು. ನಮ್ಮ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 24 ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ, ಅದೂ ಗಂಡ ಹೆಂಡತಿ ಇಬ್ಬರಿಗೂ. ಮೊದಲ ಭೇಟಿಯಲ್ಲೇ ಇದನ್ನು ಕೇಳಿ. ಈ ಬಗ್ಗೆ ಸರಿಯಾಗಿ ಉತ್ತರ ಕೊಡದ ಲಾಯರನ್ನು ಬಿಟ್ಟು ಮುಂದೆ ಹೋಗಿ.

ಇಬ್ಬರೂ ಒಪ್ಪಿದ್ದರೆ ಇಷ್ಟೆಲ್ಲ ಬೇಡ. ಕೌಂಟಿ ಕೋರ್ಟಿನ ಸೆಲ್ಫ್ ಹೆಲ್ಪ್ ಸೆಂಟರಿನಲ್ಲಿ ಫಾರಂ ತುಂಬಲು ಪುಕ್ಕಟೆ ನೆರವು ಸಿಗುತ್ತದೆ. ಕೋರ್ಟ್ ಶುಲ್ಕ 435ರಿಂದ 450 ಡಾಲರ್, ಕಷ್ಟದಲ್ಲಿದ್ದವರಿಗೆ ಅದೂ ಮನ್ನಾ. ಕಾಗದಪತ್ರ ನೋಡಿಕೊಡಲಿಕ್ಕೆ, ಇಲ್ಲವೇ ಒಂದು ಹಿಯರಿಂಗಿಗೆ ಮಾತ್ರ ಅಂತಲೂ ವಕೀಲರನ್ನು ಹಿಡಿಯಬಹುದು.

ಭಾರತದಲ್ಲಿ ಮದುವೆಯಾದವರು ಊರಿನ ಕುಟುಂಬ ನ್ಯಾಯಾಲಯದ ವಕೀಲರೊಬ್ಬರ ಸಲಹೆಗೂ ಒಂದಿಷ್ಟು ದುಡ್ಡು ತೆಗೆದಿಡಿ. 1991ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಇನ್ನೊಬ್ಬರು ಒಪ್ಪದೆ ಇಲ್ಲಿ ಪಡೆದ ಡೈವೋರ್ಸ್ ಅಲ್ಲಿ ನಿಲ್ಲದೇ ಹೋಗಬಹುದು.